ನಿಮ್ಮ ಗಿಟಾರ್ ದನಿಯನ್ನು ಹಿಂಡಿದ್ದು ಯಾರು?

ಇವತ್ತಿನ ಕಂತನ್ನ ಸಾಧ್ಯವಾದ್ರೆ ಇಯರ್‌ಫೋನ್ ಹಾಕ್ಕೊಂಡು ಕೇಳಿ. ಬ್ಲೂಟೂತ್ ಅಲ್ಲ, ವೈರ್ ಇರೋ ಹಳೇದು ಮನೇಲಿ ಯಾವುದಾದ್ರೂ ಡ್ರಾಯರ್‌ನಲ್ಲಿ ಬಿದ್ದಿದ್ರೆ ಅದು. ಯಾಕೆ ಅಂತ ಆಮೇಲೆ ಹೇಳ್ತೀನಿ. ಕೇಳದೆ ಓದ್ತಾ ಇರೋರಿಗೆ ಒಂದು ಮಾತು: ಗಿಟಾರ್ ತುಣುಕು ಬರೋ ಕಡೆಯಲ್ಲೆಲ್ಲ ಏನು ಕೇಳಿಸ್ತು ಅಂತ ಬಾಯಲ್ಲೂ ಹೇಳಿದೀನಿ, ಹಾಗಾಗಿ ದಾರಿ ತಪ್ಪಲ್ಲ.

ಕಳೆದ ತಿಂಗಳು ಒಬ್ಬ ಕೇಳುಗರ ಮೇಲ್ ಬಂತು. ಹೆಸರು ಹೇಳಬೇಡಿ ಅಂದಿದಾರೆ. ಎರಡು ವರ್ಷದಿಂದ ಅಕೌಸ್ಟಿಕ್ ಗಿಟಾರ್ ಕಲೀತಿದಾರೆ, ಸ್ವಂತದ್ದೊಂದು ಹಾಡು ಮಾಡಿದಾರೆ. ರೂಮಲ್ಲಿ ನುಡಿಸಿದಾಗ ಚೆನ್ನಾಗೇ ಇದೆ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ರೆ ಸ್ನೇಹಿತ, "ಏನೋ ಇದು, ಡಬ್ಬಿ ಒಳಗೆ ಕೂತು ನುಡಿಸ್ದಂಗಿದೆ" ಅಂದನಂತೆ. ಯೂಟ್ಯೂಬ್‌ಗೆ ಹಾಕಿದ್ರೆ ಪಕ್ಕದ ಸಿನಿಮಾ ಹಾಡಿನ ಮುಂದೆ ಇವರದ್ದು ಪಿಸುಮಾತು. ಒಬ್ಬರು "ಕಂಪ್ರೆಸ್ ಮಾಡಿ, ಸರಿಹೋಗತ್ತೆ" ಅಂದ್ರಂತೆ. ಇನ್ನೊಬ್ಬರು "ಕಂಪ್ರೆಸ್ ಆಗಿರೋದಕ್ಕೇ ಹಾಳಾಗಿದೆ" ಅಂದ್ರಂತೆ. ಈಗ ಇವರು ಇಎಂಐನಲ್ಲಿ ಹೊಸ ಗಿಟಾರ್, ಹೊಸ ಮೈಕ್ ಎರಡನ್ನೂ ತಗೊಳ್ಳೋ ಯೋಚನೆಯಲ್ಲಿದ್ದಾರೆ. ಮೇಲ್‌ನ ಕೊನೆ ಸಾಲು: "ಅಥವಾ ನನ್ನ ಕೈಯೇ ಸರಿ ಇಲ್ವೇನೋ, ಬಿಟ್ಬಿಡ್ಲಾ?"

ಬಿಡಬೇಡಿ. ಇಎಂಐ ಕೂಡ ಸ್ವಲ್ಪ ತಡೀರಿ.

ಅವರಿಗೆ ಸಲಹೆ ಕೊಟ್ಟ ಇಬ್ಬರೂ ಸರಿಯಾಗೇ ಹೇಳಿದಾರೆ. ತೊಂದರೆ ಏನಂದ್ರೆ ಇಬ್ಬರೂ ಬೇರೆ ಬೇರೆ ವಿಷಯಕ್ಕೆ ಒಂದೇ ಪದ ಬಳಸಿದಾರೆ. ಕಂಪ್ರೆಷನ್ ಅನ್ನೋ ಹೆಸರಲ್ಲಿ ಸಂಬಂಧವೇ ಇಲ್ಲದ ಎರಡು ಕೆಲಸ ನಡೆಯುತ್ತೆ. ಒಂದು ಸದ್ದಿನ ಏರಿಳಿತವನ್ನ ಹಿಂಡೋದು. ಇನ್ನೊಂದು ಫೈಲಿನ ಗಾತ್ರವನ್ನ ಹಿಂಡೋದು. ಮೊದಲನೇದರಲ್ಲಿ ದನಿ ಬದಲಾದ್ರೂ ಫೈಲ್ ಒಂದು ಕೆಬಿ ಕೂಡ ಚಿಕ್ಕದಾಗಬೇಕಿಲ್ಲ. ಎರಡನೇದರಲ್ಲಿ ಫೈಲ್ ಹತ್ತನೇ ಒಂದು ಭಾಗಕ್ಕೆ ಇಳಿದರೂ ವಾಲ್ಯೂಮ್ ಇದ್ದಂಗೇ ಇರಬಹುದು. ಗಿಟಾರ್ ಮೇಲೆ ಎರಡರ ಪರಿಣಾಮವೂ ಬೇರೆ, ಎರಡಕ್ಕೂ ಮದ್ದು ಬೇರೆ.

ಮೊದಲು ಏರಿಳಿತದ್ದು ನೋಡೋಣ. ಅದಕ್ಕೆ ಒಂದು ತುಣುಕು ಕೇಳಿ.

(ಗಿಟಾರ್ ತುಣುಕು)

ನಾನೇ ನುಡಿಸಿದ್ದು, ನಾಲ್ಕು ಸ್ವರ. ನನ್ನ ನುಡಿಸಾಟದ ಬಗ್ಗೆ ಕಾಮೆಂಟ್ ಬೇಡ. ಇದಕ್ಕೆ ಏನೂ ಮಾಡಿಲ್ಲ, ಮೈಕ್‌ಗೆ ಬಂದಿದ್ದು ಬಂದ ಹಾಗೇ ಇದೆ. ಪ್ರತಿ ಸ್ವರದಲ್ಲಿ ಎರಡು ಭಾಗ ಇದೆ ಗಮನಿಸಿ. ತಂತಿಯನ್ನ ಮೀಟಿದ ಕ್ಷಣದಲ್ಲಿ ಒಂದು 'ಟಕ್'. ಪಿಕ್ ಅಥವಾ ಉಗುರು ತಂತಿಯನ್ನ ಎಳೆದು ಬಿಟ್ಟ ಸದ್ದು ಅದು, ಕೆಲವೇ ಮಿಲಿಸೆಕೆಂಡ್ ಇರತ್ತೆ. ಅದರ ಹಿಂದೇನೇ ಸ್ವರ, ಇಳೀತಾ ಇಳೀತಾ ಹೋಗೋ ಉದ್ದನೆ ಬಾಲ. ಕೊಳಲಿಗೆ, ಪಿಟೀಲಿಗೆ ಈ ಸಮಸ್ಯೆ ಇಲ್ಲ, ಉಸಿರು ಅಥವಾ ಬಿಲ್ಲು ಇರೋವರೆಗೂ ಸ್ವರ ಇರತ್ತೆ. ಗಿಟಾರ್ ಹಾಗಲ್ಲ. ಮೀಟಿದ ಕ್ಷಣವೇ ಅದರ ತುದಿ, ಅಲ್ಲಿಂದ ಮುಂದೆ ಬರೀ ಇಳಿಜಾರು. ಆ ಟಕ್ ಮತ್ತು ಆ ಬಾಲದ ನಡುವಿನ ಲೆಕ್ಕವನ್ನ ಬದಲಾಯಿಸೋದೇ ಕಂಪ್ರೆಸರ್ ಕೆಲಸ.

ನಂದು ಬಿಕಾಂ. ಹಾಗಾಗಿ ನಂಗೆ ಇದು ಇನ್‌ಕಮ್ ಟ್ಯಾಕ್ಸ್ ಥರಾನೇ ಅರ್ಥ ಆಗೋದು. ಒಂದು ಮಿತಿ ಇದೆ, ಅದರ ಕೆಳಗಿನ ಆದಾಯಕ್ಕೆ ಟ್ಯಾಕ್ಸ್ ಇಲ್ಲ. ಇದು ಥ್ರೆಶೋಲ್ಡ್. ಮಿತಿ ದಾಟಿದ ಭಾಗಕ್ಕೆ ಮಾತ್ರ ಕತ್ತರಿ. ಎಷ್ಟು ಅನ್ನೋದು ರೇಶಿಯೋ. 4ಕ್ಕೆ 1 ಅಂತ ಇಟ್ರೆ, ಮಿತಿಯ ಮೇಲೆ 4 ಡೆಸಿಬೆಲ್ ಗಳಿಸಿದವನ ಕೈಗೆ 1 ಡೆಸಿಬೆಲ್ ಸಿಗತ್ತೆ. ಸರ್ಕಾರಕ್ಕೂ ಇಷ್ಟು ಧೈರ್ಯ ಇಲ್ಲ.

ನಿಜವಾದ ಸಂಖ್ಯೆ ಹಾಕಿ ನೋಡೋಣ. ಮಿತಿ ಮೈನಸ್ 20 ಡೆಸಿಬೆಲ್. ನಿಮ್ಮ ಟಕ್ ಮೈನಸ್ 8ಕ್ಕೆ ಏರತ್ತೆ, ಅಂದ್ರೆ ಮಿತಿಗಿಂತ 12 ಮೇಲೆ. ಆ 12 ಈಗ 3 ಆಗತ್ತೆ, ಟಕ್ ಮೈನಸ್ 17ಕ್ಕೆ ಇಳೀತು. 9 ಡೆಸಿಬೆಲ್ ಹೋಯ್ತು. ಸ್ವರದ ಬಾಲ ಮೈನಸ್ 30ರಲ್ಲಿತ್ತು, ಅದು ಮಿತಿಯ ಕೆಳಗೆ, ಅದನ್ನ ಯಾರೂ ಮುಟ್ಟಲಿಲ್ಲ. ಈಗ ಮೇಕಪ್ ಗೇನ್ ಅಂತ ಒಂದು ಗುಂಡಿ ತಿರುಗಿಸಿ ಒಟ್ಟು ಸದ್ದನ್ನ 9 ಏರಿಸ್ತೀವಿ. ಟಕ್ ವಾಪಸ್ ಮೈನಸ್ 8ಕ್ಕೆ ಬಂತು, ಮೊದಲಿದ್ದಷ್ಟೇ. ಆದ್ರೆ ಬಾಲ ಮೈನಸ್ 21ಕ್ಕೆ ಬಂದು ಕೂತಿದೆ. ಕಂಪ್ರೆಸರ್ ಜೋರಾದದ್ದನ್ನ ತಗ್ಗಿಸತ್ತೆ ಅಂತ ಎಲ್ಲರೂ ಹೇಳ್ತಾರೆ. ಕಿವಿಗೆ ಕೊನೆಗೆ ಗೊತ್ತಾಗೋದು ಮಾತ್ರ ಮೆತ್ತಗಿದ್ದದ್ದು ಎದ್ದು ಬಂದಿರೋದು.

(ಅದೇ ತುಣುಕು, ಕಂಪ್ರೆಸರ್ ಹಾಕಿ)

ಸ್ವರ ಉದ್ದ ಆಯ್ತು ಅನ್ನಿಸ್ತಾ? ನಾನು ಉದ್ದ ನುಡಿಸಿಲ್ಲ. ಜೊತೆಗೆ ಇನ್ನೊಂದಿಷ್ಟು ಅತಿಥಿಗಳು ಬಂದಿದಾರೆ. ಬೆರಳು ದಪ್ಪ ತಂತಿಯ ಮೇಲೆ ಜಾರೋ 'ಕೀಂಯ್', ನನ್ನ ಉಸಿರು, ಹಿಂದೆ ಫ್ಯಾನ್. ಎಲ್ಲ ಮೊದಲೂ ಇದ್ವು, ಮಿತಿಯ ಕೆಳಗೆ ತಲೆ ತಗ್ಗಿಸಿ ಕೂತಿದ್ವು.

ಗಿಟಾರ್‌ಗೆ ಇನ್ನೂ ಮುಖ್ಯವಾದ ಗುಂಡಿ ಅಟ್ಯಾಕ್. ಮಿತಿ ದಾಟಿದ ಮೇಲೆ ಅಧಿಕಾರಿ ಬರೋಕೆ ಎಷ್ಟು ಹೊತ್ತು ಅನ್ನೋದು. 1 ಮಿಲಿಸೆಕೆಂಡ್ ಅಂತ ಇಟ್ರೆ, ಟಕ್ ಅನ್ನೋಷ್ಟರಲ್ಲಿ ಬಂದು ಅದನ್ನೇ ಹಿಡ್ಕೊಂಡ್ಬಿಡ್ತಾನೆ. ಗಿಟಾರ್ ದುಂಡಗಾಗತ್ತೆ, ಮೆತ್ತಗಾಗತ್ತೆ, ಹಾಡಿನಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ ನಿಲ್ಲತ್ತೆ. 30 ಮಿಲಿಸೆಕೆಂಡ್ ಇಟ್ರೆ ಟಕ್ ತಪ್ಪಿಸ್ಕೊಂಡು ಹೋಗಿರತ್ತೆ, ಹಿಂದೆ ಬಂದ ಸ್ವರ ಸಿಕ್ಕಿಹಾಕ್ಕೊಳ್ಳತ್ತೆ. ಆಗ ಟಕ್ ಮೊದಲಿಗಿಂತ ಚೂಪಾಗಿ ಕಿವಿಗೆ ಚುಚ್ಚತ್ತೆ. ಅದೇ ಮಿತಿ, ಅದೇ ರೇಶಿಯೋ. ಒಂದು ಗುಂಡಿಯ ವ್ಯತ್ಯಾಸದಲ್ಲಿ ಒಂದೇ ಗಿಟಾರ್ ಎರಡು ಬೇರೆ ವಾದ್ಯದ ಥರ ಕೇಳತ್ತೆ. "ಕಂಪ್ರೆಸ್ ಮಾಡಿದ್ರೆ ಟಕ್ ಕಮ್ಮಿ ಆಗತ್ತೆ" ಅಂತ ಕಣ್ಮುಚ್ಚಿ ಹೇಳೋ ವಿಡಿಯೋಗಳನ್ನ ಅರ್ಧಕ್ಕೇ ನಿಲ್ಲಿಸಿ.

ರಿಲೀಸ್ ಅಂದ್ರೆ ಅಧಿಕಾರಿ ವಾಪಸ್ ಹೋಗೋಕೆ ತಗೊಳ್ಳೋ ಹೊತ್ತು. ಅದು ಹಾಡಿನ ಲಯಕ್ಕೆ ಹೊಂದದಿದ್ರೆ ಗಿಟಾರ್ ಏದುಸಿರು ಬಿಟ್ಟಂಗೆ ಕೇಳತ್ತೆ. ಇದನ್ನ ಬಾಯಲ್ಲಿ ಹೇಳಿದ್ರೆ ಅರ್ಥ ಆಗಲ್ಲ, ನೀವೇ ತಿರುಗಿಸಿ ನೋಡಬೇಕು.

ಈಗ ಒಂದು ಕಥೆ. ಕಂಪ್ರೆಷನ್ ಅಂದ್ರೆ ಸಂಗೀತಕ್ಕೆ ಮಾಡೋ ದ್ರೋಹ ಅಂತ ಬಯ್ಯೋರಿಗೆ ನಾನು ಯಾವಾಗ್ಲೂ ಹೇಳೋ ಕಥೆ ಇದು.

1964ರಲ್ಲಿ ಬೀಟಲ್ಸ್ ತಂಡದ ಸಿನಿಮಾ ಬಂತು, 'ಎ ಹಾರ್ಡ್ ಡೇಸ್ ನೈಟ್'. ಅದರಲ್ಲಿ ಜಾರ್ಜ್ ಹ್ಯಾರಿಸನ್ ಕೈಯಲ್ಲಿ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಎಲೆಕ್ಟ್ರಿಕ್ ಗಿಟಾರ್ ಇತ್ತು. ಅಮೆರಿಕದ ರೋಜರ್ ಮೆಕ್‌ಗಿನ್ ಅನ್ನೋ ಹುಡುಗ ಅದನ್ನ ನೋಡಿ ಮರುಳಾಗಿ ತಾನೂ ಒಂದು ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ತಗೊಂಡ. ಅವನ ತಂಡ ಬರ್ಡ್ಸ್. 1965ರ ಜನವರಿಯಲ್ಲಿ ಹಾಲಿವುಡ್‌ನ ಕೊಲಂಬಿಯಾ ಸ್ಟುಡಿಯೋದಲ್ಲಿ ಬಾಬ್ ಡಿಲನ್ ಬರೆದ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಹಾಡನ್ನ ರೆಕಾರ್ಡ್ ಮಾಡಿದ್ರು. ಇನ್ನೂ ಹೊಸಬರು ಅಂತ ತಂಡದವರನ್ನ ನಂಬದೆ ಬೇರೆ ವಾದ್ಯಗಳಿಗೆ ಸ್ಟುಡಿಯೋದ ವೃತ್ತಿ ಕಲಾವಿದರನ್ನ ಕೂರಿಸಿದ್ರು. ತಂಡದಿಂದ ವಾದ್ಯ ನುಡಿಸಿದ್ದು ಮೆಕ್‌ಗಿನ್ ಒಬ್ಬನೇ.

ಸೌಂಡ್ ಎಂಜಿನಿಯರ್ ರೇ ಗೆರ್‌ಹಾರ್ಟ್. ರಾಕ್ ಸಂಗೀತದವರು ಬಂದು ಜೋರಾಗಿ ಬಾರಿಸಿ ತನ್ನ ದುಬಾರಿ ಯಂತ್ರಗಳನ್ನ ಹಾಳು ಮಾಡ್ತಾರೆ ಅಂತ ಅವರಿಗೆ ಭಯ. ಅದಕ್ಕೇ ಎಲ್ಲದಕ್ಕೂ ಕಂಪ್ರೆಸರ್ ಹಾಕ್ತಿದ್ರು, ಮೆಕ್‌ಗಿನ್‌ನ ಗಿಟಾರ್‌ಗಂತೂ ಬಲವಾಗೇ ಹಾಕಿದ್ರು. ಆ ದನಿ ಇಷ್ಟವಾಗಿ ಆಮೇಲೆ ಒಂದರ ಹಿಂದೆ ಒಂದು ಎರಡು ಹಾಕಿದ್ರು. ಇದನ್ನ ಮೆಕ್‌ಗಿನ್ ನಂತರ ಹಲವು ಸಲ ಹೇಳಿಕೊಂಡಿದಾರೆ. ಆ ಗಿಟಾರ್ ತಾನಾಗಿ ಅಷ್ಟು ಮೊಳಗೋದಿಲ್ಲ, ಸ್ವರ ಬೇಗ ಸಾಯತ್ತೆ. ಎರಡು ಕಂಪ್ರೆಸರ್ ದಾಟಿ ಬಂದಾಗ ಟಕ್ ತಗ್ಗಿ, ಸಣ್ಣ ತಂತಿಗಳ ಕಿಣಿಕಿಣಿ ಎದ್ದು, ಸ್ವರಗಳು ಗಂಟೆಯ ಥರ ಒಂದರ ಮೇಲೊಂದು ತೇಲಿದ್ವು. ಯಂತ್ರ ಉಳಿಸೋಕೆ ಅಂತ ಶುರುವಾದ ಕೆಲಸ ಅದು. ಆ ವರ್ಷ ಆ ಹಾಡು ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೆ ಹೋಯ್ತು. 'ಜ್ಯಾಂಗ್ಲಿ ಗಿಟಾರ್' ಅಂತ ಜನ ಇವತ್ತಿಗೂ ಕರೆಯೋ ದನಿಗೆ ಅದೇ ದೊಡ್ಡ ಮಾದರಿ ಆಯ್ತು.

ಇಲ್ಲಿ ನಂಗೆ ಬಹಳ ಇಷ್ಟವಾಗೋದು ಮುಂದಿನ ಭಾಗ. ಸ್ವರ ಉಳಿಯತ್ತೆ ಅಂತ ಗೊತ್ತಾದ ಮೇಲೆ ಮೆಕ್‌ಗಿನ್ ನುಡಿಸೋ ರೀತೀನೇ ಬದಲಾಯ್ತು. 1966ರ 'ಏಯ್ಟ್ ಮೈಲ್ಸ್ ಹೈ' ಹಾಡಲ್ಲಿ ಜಾನ್ ಕೋಲ್ಟ್ರೇನ್‌ನ ಸ್ಯಾಕ್ಸೊಫೋನ್ ಥರ ಗಿಟಾರ್ ನುಡಿಸೋಕೆ ಹೊರಟ್ರು. ಉಸಿರಲ್ಲಿ ನುಡಿಸೋ ವಾದ್ಯದ ಉದ್ದ ಸ್ವರವನ್ನ ಮೀಟೋ ವಾದ್ಯದಲ್ಲಿ ಹಿಡಿಯೋ ಆಸೆ. ಸಾದಾ ತಂತಿಯ ಇಳಿಜಾರಲ್ಲಿ ಅದಕ್ಕೆ ಎಡೆ ಇಲ್ಲ. ಅಂದ್ರೆ ಕಂಪ್ರೆಸರ್ ಆಗಲೇ ನುಡಿಸಿದ ದನಿಗೆ ಆಮೇಲೆ ಬಳಿಯೋ ಬಣ್ಣ ಮಾತ್ರ ಅಲ್ಲ, ನುಡಿಸೋ ಕೈಗೂ ಪಾಠ ಹೇಳತ್ತೆ.

ಡಿಸ್ಟಾರ್ಷನ್ ಹಾಕಿದ ಎಲೆಕ್ಟ್ರಿಕ್ ಗಿಟಾರ್ ವಿಷಯ ಬೇಗ ಮುಗಿಸ್ತೀನಿ. ಆಂಪ್ಲಿಫಯರ್ ತನ್ನ ಶಕ್ತಿ ಮೀರಿದಾಗ ಅಲೆಯ ನೆತ್ತಿಯನ್ನ ತಾನೇ ಸವರಿ ಚಪ್ಪಟೆ ಮಾಡತ್ತೆ. ಅದು ಆಗಲೇ ಹಿಂಡಿದ ದನಿ. ಅದರ ಮೇಲೆ ಇನ್ನೊಂದು ಕಂಪ್ರೆಸರ್ ಹಾಕಿದ್ರೆ ಹೆಚ್ಚಾಗೋದು ಬಹುಮಟ್ಟಿಗೆ 'ಸ್ಸ್' ಅನ್ನೋ ಗಲಾಟೆ. ಕಂಪ್ರೆಸರ್‌ನ ವ್ಯತ್ಯಾಸ ಚೆನ್ನಾಗಿ ಕೇಳೋದು ಅಕೌಸ್ಟಿಕ್‌ನಲ್ಲಿ, ಕ್ಲೀನ್ ಎಲೆಕ್ಟ್ರಿಕ್‌ನಲ್ಲಿ.

ಇನ್ನು ಜೋರಿನ ಪ್ರಶ್ನೆ. ಸಿನಿಮಾ ಹಾಡಿನ ಪಕ್ಕ ನಮ್ಮ ಕೇಳುಗರ ಹಾಡು ಯಾಕೆ ಪಿಸುಮಾತು?

ಎರಡು ಹಾಡು ಒಂದರ ಹಿಂದೊಂದು ಕೇಳಿದಾಗ ಜೋರಾಗಿರೋದೇ ಚೆನ್ನಾಗಿದೆ ಅಂತ ನಮ್ಮ ಕಿವಿ ಮೋಸ ಹೋಗತ್ತೆ. ಸಂಗೀತ ಕಂಪನಿಗಳಿಗೆ ಇದು ಗೊತ್ತು. ಸಿಡಿ ಕಾಲದಲ್ಲಿ ಎಲ್ಲರೂ ತಮ್ಮ ಹಾಡು ಪಕ್ಕದವರದಕ್ಕಿಂತ ಜೋರಾಗಿರಲಿ ಅಂತ ಹಿಂಡುತ್ತಾ ಹೋದ್ರು. ಅತಿರೇಕ ಕಂಡದ್ದು 2008ರಲ್ಲಿ, ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಆಲ್ಬಂನಲ್ಲಿ. ಅದನ್ನ ಎಷ್ಟು ಹಿಂಡಿದ್ರು ಅಂದ್ರೆ ದನಿ ಒಡೆದು ಗರಗರ ಅನ್ನೋದು ಕೇಳತ್ತೆ. ಅದೇ ಹಾಡುಗಳು 'ಗಿಟಾರ್ ಹೀರೋ' ವಿಡಿಯೋ ಗೇಮ್‌ನಲ್ಲೂ ಬಂದ್ವು, ಅಲ್ಲಿ ಅಷ್ಟು ಹಿಂಡಿರಲಿಲ್ಲ. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ್ರು. ದುಡ್ಡು ಕೊಟ್ಟು ತಗೊಂಡ ಆಲ್ಬಂಗಿಂತ ಆಟದೊಳಗಿನ ಗಿಟಾರ್, ಡ್ರಮ್ಸ್ ಚೆನ್ನಾಗಿ ಕೇಳ್ತಿತ್ತು. ಸಾವಿರಾರು ಜನ ಸಹಿ ಹಾಕಿ ಮತ್ತೆ ಮಿಕ್ಸ್ ಮಾಡಿಕೊಡಿ ಅಂತ ಕೇಳಿದ್ರು.

ಈಗ ಕಾಲ ಬದಲಾಗಿದೆ, ನಮ್ಮ ಪುಣ್ಯ. ಸ್ಪಾಟಿಫೈ, ಯೂಟ್ಯೂಬ್ ಇವು ಹಾಡಿನ ಒಟ್ಟಾರೆ ಜೋರನ್ನ ಅಳೆದು, ತಮ್ಮ ಗೆರೆ ದಾಟಿದ್ರೆ ವಾಲ್ಯೂಮ್ ಇಳಿಸ್ತವೆ. ಆ ಗೆರೆ ಹೆಚ್ಚುಕಮ್ಮಿ ಮೈನಸ್ 14 ಎಲ್‌ಯುಎಫ್‌ಎಸ್. ಕಿವಿಗೆ ಎಷ್ಟು ಜೋರು ಅನ್ನಿಸತ್ತೆ ಅಂತ ಅಳೆಯೋ ಅಳತೆಗೋಲು ಅದು. ಮೈನಸ್ 7ಕ್ಕೆ ಹಿಂಡಿ ಕೊಟ್ರೆ 7 ಡೆಸಿಬೆಲ್ ತಗ್ಗಿಸಿ ಹಾಕ್ತಾರೆ. ಜೋರೂ ಸಿಗಲಿಲ್ಲ, ಹಿಂಡಿಹೋದ ಟಕ್ ಕೂಡ ವಾಪಸ್ ಬರಲ್ಲ. ಆದ್ರೆ ಯೂಟ್ಯೂಬ್ ಮೆತ್ತಗಿರೋದನ್ನ ಮೇಲಕ್ಕೆ ಎತ್ತಲ್ಲ, ನಮ್ಮ ಕೇಳುಗರು ಸಿಕ್ಕಿಹಾಕ್ಕೊಂಡಿರೋದು ಇಲ್ಲೇ. ಅವರ ಫೈಲ್ ಅಳೆದೆ, ಮೈನಸ್ 25ರ ಹತ್ತಿರ ಇದೆ. ಅವರಿಗೆ ಬೇಕಿರೋದು ಹೊಸ ಮೈಕ್ ಅಲ್ಲ. ಹಿತವಾಗಿ ಒಂದು ಕಂಪ್ರೆಸರ್, ಮೇಲೆ ಸ್ವಲ್ಪ ಗೇನ್. ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಎರಡೂ ಇದೆ.

ಸರಿ, ಈಗ ಡಬ್ಬಿಯ ಪ್ರಶ್ನೆ. ಇದು ಎರಡನೇ ಕಂಪ್ರೆಷನ್, ಫೈಲಿನದ್ದು.

ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ದನಿಯನ್ನ ಅಳೆದು ಬರೆದಿಡ್ತಾರೆ, ಎರಡು ಕಿವಿಗೂ ಬೇರೆ ಬೇರೆ. ಒಟ್ಟು ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಐದು ನಿಮಿಷದ ಹಾಡಿಗೆ 50 ಎಂಬಿ ದಾಟತ್ತೆ. ಅದನ್ನ 128 ಕಿಲೋಬಿಟ್‌ನ ಎಂಪಿ3 ಮಾಡಿದ್ರೆ 5 ಎಂಬಿಗೂ ಸ್ವಲ್ಪ ಕಮ್ಮಿ. ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಸಿಕೊಡೋ ಅಂಗಡಿಗಳ ಕಾಲ ನೆನಪಿದ್ರೆ, ಆ ವ್ಯಾಪಾರ ನಿಂತಿದ್ದೇ ಈ ಲೆಕ್ಕದ ಮೇಲೆ.

ಉಳಿದ ಹತ್ತು ಪಾಲು ಎಲ್ಲಿ ಹೋಯ್ತು? ಜಿಪ್ ಫೈಲ್ ಬಿಚ್ಚಿದ್ರೆ ಹಾಕಿದ್ದೆಲ್ಲ ಪೈಸೆ ಬಿಡದೆ ವಾಪಸ್ ಬರತ್ತೆ. ಎಂಪಿ3 ಹಾಗಲ್ಲ, ಅದು ಎಸೆದದ್ದು ಎಸೆದಂಗೇ. ಆಡಿಟಿಂಗ್‌ನಲ್ಲಿ ಒಂದು ಮಾತಿದೆ, ಕೋಟಿಗಟ್ಟಲೆ ವ್ಯವಹಾರದ ಕಂಪನಿಯಲ್ಲಿ ಹತ್ತು ರೂಪಾಯಿಯ ವ್ಯತ್ಯಾಸ ಯಾರ ನಿರ್ಧಾರವನ್ನೂ ಬದಲಾಯಿಸಲ್ಲ, ಬಿಟ್ಟುಬಿಡಿ ಅಂತ. ಎಂಪಿ3 ಕಿವಿಗೆ ಅದೇ ಲೆಕ್ಕ ಹಾಕತ್ತೆ. ಜೋರಾದ ಸ್ವರದ ಪಕ್ಕದಲ್ಲೇ ಇರೋ ಸಣ್ಣ ಸ್ವರ ಕಿವಿಗೆ ಬೀಳಲ್ಲ, ಅದಕ್ಕೆ ಬಿಟ್ ಖರ್ಚು ಮಾಡಬೇಡ ಅನ್ನತ್ತೆ. ತುಂಬಿದ ಸಿನಿಮಾ ಹಾಡಲ್ಲಿ ಇದು ಅದ್ಭುತವಾಗಿ ನಡೆಯುತ್ತೆ, ಒಂದರ ಹಿಂದೆ ಒಂದು ಬಚ್ಚಿಟ್ಟುಕೊಳ್ಳೋಕೆ ಎಷ್ಟೊಂದು ವಾದ್ಯ ಇರತ್ತೆ. ಒಂಟಿ ಗಿಟಾರ್ ಬಂದಾಗ ಬಚ್ಚಿಡೋಕೆ ಜಾಗ ಕಮ್ಮಿ. ಎಂಪಿ3 ರೂಪಿಸಿದವರಲ್ಲಿ ಮುಖ್ಯರಾದ ಜರ್ಮನಿಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ತಮ್ಮ ಪರೀಕ್ಷೆಗೆ ಸುಝಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್' ಬಳಸಿದ್ದು ಇದೇ ಕಾರಣಕ್ಕೆ. ಅದರಲ್ಲಿ ವಾದ್ಯವೇ ಇಲ್ಲ, ಬರೀ ಒಂದು ದನಿ.

ಗಿಟಾರ್‌ನಲ್ಲಿ ಮೊದಲು ಪೆಟ್ಟು ಬೀಳೋದು ಮತ್ತೆ ಆ ಟಕ್‌ಗೇ. ಎಂಪಿ3 ದನಿಯನ್ನ ತುಂಡು ತುಂಡಾಗಿ ನೋಡತ್ತೆ, ಒಂದು ಫ್ರೇಮ್ ಸುಮಾರು 26 ಮಿಲಿಸೆಕೆಂಡ್. ಲೆಕ್ಕದಲ್ಲಿ ಬಿಟ್ಟ ಚಿಲ್ಲರೆಯಿಂದ ಒಂದಿಷ್ಟು ಗಲೀಜು ಹುಟ್ಟತ್ತೆ, ಅದು ತುಂಡಿನ ಉದ್ದಕ್ಕೂ ಹರಡತ್ತೆ. ಟಕ್ ತುಂಡಿನ ಮಧ್ಯೆ ಬಿದ್ದಿದ್ರೆ ಗಲೀಜು ಟಕ್‌ಗಿಂತ ಮೊದಲೇ ಕೇಳಕ್ಕೆ ಶುರು. ಮೀಟೋ ಮುಂಚೆ ಒಂದು ಸಣ್ಣ 'ಫ್ಸ್'. ಇದಕ್ಕೆ ಪ್ರೀ-ಎಕೋ ಅಂತಾರೆ. ಒಳ್ಳೆ ಎನ್‌ಕೋಡರ್‌ಗಳು ಇಂಥ ಕಡೆ ತುಂಡನ್ನ ಚಿಕ್ಕದು ಮಾಡಿಕೊಳ್ತವೆ, ಆದ್ರೆ ಬಿಟ್‌ಗಳೇ ಕಮ್ಮಿ ಇದ್ರೆ ಅವು ತಾನೇ ಏನು ಮಾಡಿಯಾವು? ಟಕ್ ಮಸುಕಾಗತ್ತೆ, ಮೇಲಿನ ಹೊಳಪು ನೀರಲ್ಲಿ ಅದ್ದಿದಂಗೆ ಅಲುಗಾಡತ್ತೆ, ಬಾಲದ ಕೊನೆ, ಅಂದ್ರೆ ಸ್ವರ ಕೋಣೆಯ ಗಾಳಿಯಲ್ಲಿ ಕರಗೋ ಜಾಗ, ತುಂಡು ತುಂಡಾಗಿ ಮಾಯ ಆಗತ್ತೆ.

(96 ಕಿಲೋಬಿಟ್ ತುಣುಕು, ನಂತರ 320)

ಮೊದಲನೇದರಲ್ಲಿ ಗೊತ್ತಾಯ್ತಲ್ವಾ? ಎರಡನೇದು, 320, ಮೂಲ ಫೈಲ್ ಪಕ್ಕ ಇಟ್ಟು ಹೆಸರು ಮುಚ್ಚಿ ಕೇಳಿಸಿದ್ರೆ ಬಹುತೇಕ ಜನಕ್ಕೆ ಯಾವುದು ಯಾವುದು ಅಂತ ಹೇಳಕ್ಕಾಗಲ್ಲ. ನಂಗೂ ಆಗಲ್ಲ. ಲಾಸ್‌ಲೆಸ್ ಕೇಳದವನು ಮನುಷ್ಯನೇ ಅಲ್ಲ ಅನ್ನೋ ಮಾತಿಗೆ ಕಿವಿಗೊಡಬೇಡಿ.

ಆದ್ರೆ ಹಿಂಡಿದ್ದನ್ನೇ ಮತ್ತೆ ಹಿಂಡೋದು ಬೇರೆ ವಿಷಯ. ಬ್ಲೂಟೂತ್ ಬೇಡ ಅಂದಿದ್ದು ಇದಕ್ಕೇ. ಫೋನ್ ಹಾಡನ್ನ ಬಿಚ್ಚಿ, ಬ್ಲೂಟೂತ್‌ಗೋಸ್ಕರ ಎಸ್‌ಬಿಸಿ ಅಥವಾ ಎಎಸಿಯಲ್ಲಿ ಮತ್ತೆ ಹಿಂಡಿ ಕಳಿಸತ್ತೆ. ದಿನಾ ಬಸ್ಸಲ್ಲಿ ಕೇಳೋಕೆ ಏನೂ ತೊಂದರೆ ಇಲ್ಲ. ಇವತ್ತಿನಂಥ ಹೋಲಿಕೆಗೆ ಮಾತ್ರ ಅದು ನಡುವೆ ಮೂಗು ತೂರಿಸತ್ತೆ.

ನಮ್ಮ ಕೇಳುಗರ ಡಬ್ಬಿ ಹುಟ್ಟಿದ್ದು ವಾಟ್ಸಾಪ್ ವಾಯ್ಸ್ ಮೆಸೇಜ್‌ನಲ್ಲಿ. ಅದರಲ್ಲಿರೋ ಓಪಸ್ ಅನ್ನೋ ಕೋಡೆಕ್ ಒಳ್ಳೇದೇ. ಆದ್ರೆ ವಾಟ್ಸಾಪ್ ಅದನ್ನ ಇಟ್ಟಿರೋದು ಮಾತಿಗೆ. ಅಮ್ಮ ಹಾಲು ತಗೊಂಡ್ ಬಾ ಅಂದ್ರೆ ನಿಮಗೆ ಅರ್ಥ ಆಗಬೇಕು, ಅಷ್ಟೇ. ಹಾಗಾಗಿ ಒಂದೇ ಚಾನೆಲ್, ಕಮ್ಮಿ ಬಿಟ್, ಮೇಲಿನ ಹೊಳಪಿಗೆ ಕತ್ತರಿ. ಸಾಲದು ಅಂತ ಹಲವು ಫೋನ್‌ಗಳು ಮಾತಿನ ರೆಕಾರ್ಡಿಂಗ್‌ನಲ್ಲಿ ತಾವಾಗೇ ವಾಲ್ಯೂಮ್ ಏರಿಸಿ ಇಳಿಸ್ತವೆ, ಹಿಂದಿನ ಗಲಾಟೆ ಅಳಿಸ್ತವೆ. ಮೆಲ್ಲಗೆ ಕರಗೋ ಗಿಟಾರ್ ಸ್ವರ, ಆ ಯಂತ್ರದ ಕಣ್ಣಿಗೆ, ಫ್ಯಾನ್ ಸದ್ದಿನ ದಾಯಾದಿ. ಅಳಿಸಿ ಹಾಕತ್ತೆ. ಅಂದ್ರೆ ಅವರ ದನಿಯನ್ನ ಎರಡೂ ರೀತಿಯ ಕಂಪ್ರೆಷನ್ ಒಟ್ಟಿಗೆ ಹಿಂಡಿವೆ, ಅವರನ್ನ ಒಂದು ಮಾತೂ ಕೇಳದೆ.

ನಾನು ಅವರಿಗೆ ಬರೆದದ್ದು ಇಷ್ಟು. ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಫಾರ್ಮ್ಯಾಟ್ ಆರಿಸಿ, ನಾಯ್ಸ್ ಸಪ್ರೆಶನ್, ಆಟೋ ಗೇನ್ ಇದ್ರೆ ಆಫ್ ಮಾಡಿ. ಫೋನನ್ನ ಸೌಂಡ್ ಹೋಲ್ ಎದುರಿಗೆ ಇಡಬೇಡಿ, ಗುಂಯ್ ಅನ್ನತ್ತೆ. ಗಿಟಾರ್‌ನ ಕತ್ತು ಹೊಟ್ಟೆಗೆ ಸೇರೋ ಜಾಗದಿಂದ ಒಂದಡಿ ದೂರ ಇಟ್ಟು ನೋಡಿ. ಕಂಪ್ರೆಸರ್ 3ಕ್ಕೆ 1, ಅಟ್ಯಾಕ್ 20 ಮಿಲಿಸೆಕೆಂಡ್‌ನಿಂದ ಶುರು ಮಾಡಿ, ಅತಿ ಜೋರಾದ ಕಡೆ 4-5 ಡೆಸಿಬೆಲ್ ಇಳಿದ್ರೆ ಸಾಕು. ಕೊನೆಯಲ್ಲಿ ನೆತ್ತಿಯ ಹತ್ತಿರ 1 ಡೆಸಿಬೆಲ್ ಜಾಗ ಖಾಲಿ ಬಿಡಿ, ಯಾಕಂದ್ರೆ ಅಂಚಿನವರೆಗೂ ತುಂಬಿದ ಫೈಲ್ ಎಂಪಿ3 ಆದ ಮೇಲೆ ಬಿಚ್ಚಿಕೊಳ್ಳುವಾಗ ಚೆಲ್ಲಿ ಗರಗರ ಅನ್ನತ್ತೆ. ಸ್ನೇಹಿತನಿಗೆ ವಾಯ್ಸ್ ಮೆಸೇಜ್ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಹಾಗೆ ಕಳಿಸಿದ ಫೈಲನ್ನ ವಾಟ್ಸಾಪ್ ಮುಟ್ಟಲ್ಲ.

ಮೊನ್ನೆ ಹಾಗೇ ಕಳಿಸಿದ್ರು, ನಂಗೂ ಒಂದು ಪ್ರತಿ. ಅದೇ ಗಿಟಾರ್, ಅದೇ ಫೋನ್, ಅದೇ ಕೈ. ಅವರ ಅನುಮತಿ ತಗೊಂಡಿದೀನಿ, ಮೊದಲು ವಾಯ್ಸ್ ಮೆಸೇಜ್ ಬರತ್ತೆ, ಹಿಂದೇನೇ ಡಾಕ್ಯುಮೆಂಟ್ ಆಗಿ ಬಂದದ್ದು. ಎರಡನೇದರಲ್ಲಿ ಮೂರನೇ ಸ್ವರ ಮುಗಿಯೋ ಕಡೆ ಕಿವಿ ಇಡಿ, ಅಲ್ಲಿ ತಂತಿಯನ್ನ ಬೆರಳಲ್ಲಿ ಸ್ವಲ್ಪ ಅಲುಗಿಸಿದಾರೆ. ಮೊದಲನೇದರಲ್ಲಿ ಅದು ಇಲ್ಲವೇ ಇಲ್ಲ.

(ಗಿಟಾರ್ ತುಣುಕುಗಳು)